ಸಹಾಯ ಬೇಕು: ಮಂಡಿ ಸವೆತ ಬೇಗ ಬೆಳೆಯಲು ಜೀನ್ ಎಷ್ಟು ಕಾರಣ?

ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ಮೂಳೆ ಡಾಕ್ಟರು, ಫಿಸಿಯೋಥೆರಪಿಸ್ಟ್, ಜೆನೆಟಿಕ್ಸ್ ಓದಿದವರು ಇದ್ದರೆ ದಯವಿಟ್ಟು ಉತ್ತರಿಸಿ.

ಅಮ್ಮ, ಚಿಕ್ಕಮ್ಮ ಇಬ್ಬರಿಗೂ ಮಂಡಿ ಸವೆತ. ಅಮ್ಮನ ಎಕ್ಸ್‌ರೇಯಲ್ಲಿ ಗ್ರೇಡ್ 2 ಇದ್ದದ್ದು ಈಗ 4 ಆಗಿದೆ, ಮೂಳೆಗಳ ನಡುವೆ ಜಾಗವೇ ಉಳಿದಿಲ್ಲ. ಚಿಕ್ಕಮ್ಮನದು 2ರಲ್ಲೇ ನಿಂತಿದೆ. ತೂಕ ಇಬ್ಬರದೂ ಹೆಚ್ಚುಕಡಿಮೆ ಒಂದೇ. ಅಜ್ಜಿಗೂ ಇತ್ತು. ಹಾಗಾಗಿ ನನಗೂ ತಂಗಿಗೂ ಚಿಂತೆ.

1996ರಲ್ಲಿ ಬ್ರಿಟನ್ನಿನ ಅವಳಿ ಹೆಂಗಸರ ಮೇಲೆ ನಡೆದ ಅಧ್ಯಯನ ಕೈ ಮತ್ತು ಮಂಡಿ ಸವೆತದಲ್ಲಿ ಜೀನ್‌ಗಳ ಪಾಲು ಶೇ. 39ರಿಂದ 65 ಎಂದಿತ್ತು. ಇದು ಜನರ ನಡುವಿನ ವ್ಯತ್ಯಾಸದ ಲೆಕ್ಕ, ನನಗೆ ಬರುತ್ತದೋ ಇಲ್ಲವೋ ಎಂಬುದಲ್ಲ. ಜಿಡಿಎಫ್5 ಎಂಬ ಜೀನ್ ಹೆಸರು ಪದೇ ಪದೇ ಕಾಣುತ್ತದೆ. ಕೀಲು ರೂಪುಗೊಳ್ಳಲು ಅದು ಬೇಕು. ಆದರೆ ಇಂಥ ಒಂದೊಂದು ಜೀನಿನ ಪರಿಣಾಮ ಚಿಕ್ಕದು. ಅಲ್ಲದೆ ಸವೆತ ಶುರುವಾಗುವುದೇ ಬೇರೆ, ಬೇಗ ಬೆಳೆಯುವುದೇ ಬೇರೆ, ಅಲ್ವಾ? ಲೇಖನಗಳಲ್ಲಿ ಎರಡನ್ನೂ ಕಲಸಿಬಿಡುತ್ತಾರೆ.

ಅಮ್ಮನ ಕಾಲು ಬಿಲ್ಲಿನ ಹಾಗೆ ಹೊರಕ್ಕೆ ಬಾಗಿದೆ, ಚಿಕ್ಕಮ್ಮನದು ನೇರ. ಹಾಗೆ ಬಾಗಿದ್ದರೆ ಮಂಡಿಯ ಒಳಭಾಗಕ್ಕೆ ಭಾರ ಜಾಸ್ತಿ ಬಿದ್ದು ಸವೆತ ಬೇಗ ಬೆಳೆಯುತ್ತದಂತೆ. ವ್ಯತ್ಯಾಸಕ್ಕೆ ಇದೇ ಕಾರಣ ಇರಬಹುದಾ? ಈ ಬಾಗು ವಂಶದಲ್ಲಿ ಬರುತ್ತದಾ?

ಇನ್ನೊಂದು, ಎಂಜಲು ಕೊಟ್ಟು ಮಾಡಿಸುವ ಜೀನ್ ಟೆಸ್ಟಿನಿಂದ ಏನಾದರೂ ಉಪಯೋಗ ಇದೆಯಾ? ನನಗಂತೂ ಸುಮ್ನೆ ದುಡ್ಡು ದಂಡ ಅನಿಸುತ್ತದೆ. ಅದರ ಬದಲು ಈಗಿನಿಂದಲೇ ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಸಾಕಾ?

ಎಣ್ಣೆ, ಪುಡಿ ಮಾರುವವರು ದಯವಿಟ್ಟು ಇನ್‌ಬಾಕ್ಸಿಗೆ ಬರಬೇಡಿ.