‘ಆಸ್ಮೋಸಿಸ್’ಗೆ ಯಾವ ಪದ? ಅಭಿಸರಣೆ, ಪರಾಸರಣ, ಒಸರು… (ತುರ್ತು)

ಗೆಳೆಯರೇ,

ಸಸ್ಯಗಳ ಕುರಿತ ಪ್ರದರ್ಶನ ಫಲಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅದು ಅಚ್ಚಿಗೆ ಹೋಗಬೇಕು. ಸಿಕ್ಕಿಬಿದ್ದಿರುವುದು ‘ಆಸ್ಮೋಸಿಸ್’ನಲ್ಲಿ, ಎಂದರೆ ತೆಳು ದ್ರಾವಣದ ನೀರು ಪೊರೆಯನ್ನು ದಾಟಿ ಗಾಢ ದ್ರಾವಣದ ಕಡೆಗೆ ಸಾಗುವ ಕ್ರಿಯೆಯಲ್ಲಿ. ಒಂದು ಕಡೆ ‘ಅಭಿಸರಣೆ’ ಎಂದಿದೆ, ಇನ್ನೊಂದು ಕಡೆ ‘ಪರಾಸರಣ’. ಸದ್ಯಕ್ಕೆ ಬರೆದಿಟ್ಟಿರುವ ಸಾಲು: “ಅಭಿಸರಣೆಯಿಂದ ಮಣ್ಣಿನ ನೀರು ಬೇರಿನೊಳಕ್ಕೆ ಬಂದು ತುದಿಯ ಎಲೆಯವರೆಗೂ ಏರುತ್ತದೆ.” ಹತ್ತು ವರ್ಷದ ಮಕ್ಕಳೂ ಓದುವ ಫಲಕ. ಅಚ್ಚಗನ್ನಡದ ಪದವೇನಾದರೂ ಇದೆಯೇ?

---

ಇದೆ. ಒಸರು.

‘ಒಸರು’, ‘ಆಸ್ಮೋಸ್’ ಎರಡನ್ನೂ ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಒಂದೇ ಬೇರು ಎರಡು ಕಡೆ ಚಿಗುರಿದೆ ಎಂದು ನಾನು ಬಹಳ ಕಾಲದಿಂದ ಹೇಳುತ್ತಾ ಬಂದಿದ್ದೇನೆ. ಮನೆಯಲ್ಲೇ ಪದ ಇರುವಾಗ ಅಭಿಸರಣ, ವಿಸರಣ, ಪರಾಸರಣ ಎಂದು ಮಕ್ಕಳಿಗೆ ಸಂಸ್ಕೃತದ ಉಪಸರ್ಗಗಳ ಬಾಯಿಪಾಠ ಮಾಡಿಸುವುದು ಯಾಕೆ?

---

> ಒಂದೇ ಬೇರು ಎರಡು ಕಡೆ ಚಿಗುರಿದೆ

ಇಲ್ಲ. ಗ್ರೀಕಿನ ‘ಓಸ್ಮೋಸ್’ ಎಂದರೆ ನೂಕು. ಅದರಲ್ಲಿ ನೀರೂ ಇಲ್ಲ, ಜಿನುಗೂ ಇಲ್ಲ. ಫ್ರಾನ್ಸಿನ ವಿಜ್ಞಾನಿ ಡ್ಯೂಟ್ರೋಶೆ 1820ರ ದಶಕದಲ್ಲಿ ಒಳನೂಕನ್ನು ‘ಎಂಡೋಸ್ಮೋಸ್’, ಹೊರನೂಕನ್ನು ‘ಎಕ್ಸೋಸ್ಮೋಸ್’ ಎಂದು ಕರೆದ. 1854ರಲ್ಲಿ ರಸಾಯನವಿಜ್ಞಾನಿ ಥಾಮಸ್ ಗ್ರಹಾಂ ಪದಗಳ ಮೊದಲ ತುಂಡುಗಳನ್ನು ಕತ್ತರಿಸಿ ‘ಆಸ್ಮೋಸ್’ ಅನ್ನು ಉಳಿಸಿಕೊಂಡ. ಆಸ್ಮಿಯಂ ಲೋಹದ ಹೆಸರು ಬಂದಿರುವುದು ವಾಸನೆ ಎಂಬ ಅರ್ಥದ ಬೇರೆ ಗ್ರೀಕ್ ಪದದಿಂದ. ಮುಂದಿನ ಪತ್ರದಲ್ಲಿ ಅದನ್ನೂ ಒಸರಿನ ನೆಂಟನನ್ನಾಗಿ ಮಾಡದಿರಲಿ ಎಂದು ಮೊದಲೇ ಹೇಳಿಬಿಡುತ್ತಿದ್ದೇನೆ.

ಅರ್ಥವಾದರೂ ಹೊಂದುತ್ತದೆಯೇ ಎಂದರೆ ಅದೂ ಇಲ್ಲ. ಒಸರುವುದೆಂದರೆ ಒಳಗಿದ್ದದ್ದು ಹೊರಗೆ ಬರುವುದು: ಗಾಯದಿಂದ ಕೀವು, ಬಂಡೆಯ ಸಂದಿಯಿಂದ ನೀರು. ಬೇರಿನ ರೋಮದಲ್ಲಿ ನಡೆಯುವುದು ಇದರ ತಿರುಗುಮುರುಗು. ‘ಇಂಗು’ ಎಂದರೆ ನೀರು ಕೆಳಕ್ಕಿಳಿಯಬೇಕು. ‘ಹೀರು’ ಎಂದರೆ ಹೀರುವವನೊಬ್ಬ ಬೇಕು. ‘ಸೋಸು’ ಎಂದರೆ ಕಸ ತಡೆಯುವುದಷ್ಟೇ. ಇಲ್ಲಿ ತೆಳು ದ್ರಾವಣದ ನೀರು ಪೊರೆಯನ್ನು ದಾಟಿ ಗಾಢ ದ್ರಾವಣದ ಕಡೆಗೆ ನಡೆಯುತ್ತದೆ. ಆ ‘ಕಡೆಗೆ’ ಎಂಬುದೇ ‘ಅಭಿ’. ಅಭಿಸಾರಿಕೆ ನಲ್ಲನಿದ್ದೆಡೆಗೆ ಹೊರಟಂತೆ ನೀರು ಉಪ್ಪಿದ್ದೆಡೆಗೆ. ‘ಪರಾ’ ಎಂದರೆ ಆಚೆಗೆ, ದೂರಕ್ಕೆ. ಹಿಂದಿಯವರು ಇಟ್ಟುಕೊಂಡಿದ್ದಾರೆ, ಇಟ್ಟುಕೊಳ್ಳಲಿ.

---

ಪದಕ್ಕೆ ಬಡಿದಾಡುವ ಭರದಲ್ಲಿ ವಾಕ್ಯವೇ ತಪ್ಪಾಗಿರುವುದನ್ನು ಯಾರೂ ನೋಡಲಿಲ್ಲ.

ಅಭಿಸರಣೆಗೆ ಪೊರೆ ಬೇಕು. ಮಣ್ಣಿನಿಂದ ಬೇರಿನ ಜೀವಕೋಶದೊಳಕ್ಕೆ ನೀರು ಬರುವವರೆಗೆ ನಿಮ್ಮ ಸಾಲು ಸರಿ. ಆಮೇಲೆ ನೀರು ಏರುವ ಕ್ಸೈಲಮ್ ನಾಳಗಳು ಸತ್ತ ಕೋಶಗಳಿಂದಾದ ಟೊಳ್ಳು ಕೊಳವೆಗಳು. ಅಲ್ಲಿ ಜೀವಂತ ಪೊರೆಯೇ ಇಲ್ಲ. ಎಲೆಯ ಪತ್ರರಂಧ್ರಗಳಿಂದ ನೀರು ಆವಿಯಾಗಿ ಹೋದಂತೆಲ್ಲ ಮೇಲಿನಿಂದ ಸೆಳೆತ ಹುಟ್ಟುತ್ತದೆ. ನೀರಿನ ಅಣುಗಳು ಒಂದನ್ನೊಂದು ಕಚ್ಚಿಕೊಂಡಿರುವುದರಿಂದ ಎಳೆ ತುಂಡಾಗದೆ ಮೇಲೇಳುತ್ತದೆ. 1894ರಲ್ಲಿ ಡಿಕ್ಸನ್ ಮತ್ತು ಜೋಲಿ ಕೊಟ್ಟ ವಿವರಣೆ ಇದೇ. ನೂರು ಮೀಟರ್ ದಾಟಿದ ರೆಡ್‌ವುಡ್ ಮರದ ತುದಿಗೂ ನೀರು ಹೋಗುವುದು ಹೀಗೆಯೇ. ಈ ಕೆಲಸದ ಹೆಸರು ಬಾಷ್ಪವಿಸರ್ಜನೆ. ಎರಡನ್ನೂ ಒಂದೇ ಪದಕ್ಕೆ ಕಟ್ಟಬೇಡಿ.

ಅಭಿಸಾರಿಕೆಯ ಹೋಲಿಕೆ ಚೆನ್ನಾಗಿದೆ, ಆದರೆ ಪಾಠಕ್ಕೆ ಬೇಡ. ಉಪ್ಪು ಯಾರನ್ನೂ ಕರೆಯುವುದಿಲ್ಲ. ನೀರಿನ ಅಣುಗಳು ಎರಡೂ ದಿಕ್ಕಿಗೆ ದಾಟುತ್ತಲೇ ಇರುತ್ತವೆ. ಒಟ್ಟು ಲೆಕ್ಕದಲ್ಲಿ ಗಾಢ ದ್ರಾವಣದ ಕಡೆಗೆ ಹೋದದ್ದು ಹೆಚ್ಚಾಗಿರುತ್ತದೆ, ಅಷ್ಟೇ. ಫಲಕದಲ್ಲಿ ‘ಅರೆಪಾರಕ ಪೊರೆ’ಯ ಚಿತ್ರವೊಂದಿದ್ದರೆ ಸಾಕು, ಮಕ್ಕಳಿಗೆ ತಿಳಿಯುತ್ತದೆ.

---

> ಅರೆಪಾರಕ

ಅರಿಸಮಾಸ. ಒಂದು ಕಾಲು ಕನ್ನಡದಲ್ಲಿ, ಇನ್ನೊಂದು ಸಂಸ್ಕೃತದಲ್ಲಿ. ‘ಅರ್ಧಪಾರಕ’ ಎಂದು ತಿದ್ದಿ.

---

ತಿದ್ದಿದರೆ ಸಮಾಸ ಸರಿಹೋಗುತ್ತದೆ, ಅರ್ಥ ಹಾಗೆಯೇ ಕುಂಟುತ್ತದೆ. ಆ ಪೊರೆ ಅರ್ಧ ಬಿಟ್ಟು ಅರ್ಧ ತಡೆಯುವುದಿಲ್ಲ. ನೀರನ್ನು ಬಿಟ್ಟು ಸಕ್ಕರೆಯನ್ನು ತಡೆಯುತ್ತದೆ. ‘ಆಯ್ದುಬಿಡುವ ಪೊರೆ’ ಎನ್ನಲು ಯಾರ ಅಪ್ಪಣೆ ಬೇಕು? ಅರಿಸಮಾಸದ ವಿಷಯದಲ್ಲಿ ಹಳಗನ್ನಡದ ವ್ಯಾಕರಣಕಾರ ಕೇಶಿರಾಜನೇ ಬಿರುದಾವಳಿಗೆ ವಿನಾಯಿತಿ ಕೊಟ್ಟಿದ್ದಾನೆ, ನಾವು ಒಂದು ಪೊರೆಗೆ ಕೊಡಲಾರೆವೇ?

---

ಒಸರು ಬೇಡವೆಂದರೆ ‘ಪೊರೆದಾಟು’ ಎನ್ನಿ. ಅದರ ಮೇಲೂ ಗ್ರೀಕ್ ನಿಘಂಟು ಹೊತ್ತು ತರುವಿರೇನೋ. ಸಂಸ್ಕೃತದಿಂದ ತಂದರೆ ಪದ, ಕನ್ನಡದಲ್ಲಿ ಕಟ್ಟಿದರೆ ನಗೆಪಾಟಲು! ಇದಕ್ಕಿಂತ ‘ಆಸ್ಮೋಸಿಸ್’ ಎಂದೇ ಬರೆಯುವುದು ಮೇಲು. ಸಾಲ ಎಂದು ಗೊತ್ತಿದ್ದೇ ತಂದ ಸಾಲವಾದರೂ ಆಗುತ್ತದೆ.

---

ನಿಘಂಟು ಬೇಕಾಗಿಲ್ಲ. ಸೋಡಿಯಂ ಪೊರೆಯನ್ನು ದಾಟುತ್ತದೆ, ಪೊಟ್ಯಾಸಿಯಂ ದಾಟುತ್ತದೆ. ಅವೆಲ್ಲವೂ ಪೊರೆದಾಟುಗಳೇ ಆದರೆ ನೀರಿನ ದಾಟಿಗೆ ಇನ್ನೊಂದು ಹೆಸರು ಹುಡುಕಬೇಕು. ಕನ್ನಡ ಎಲ್ಲಿ ತಾನಾಗಿ ನಿಲ್ಲುತ್ತದೋ ಅಲ್ಲಿ ನಾನೂ ಬಿಡುವುದಿಲ್ಲ. ಕೋಶದೊಳಗಿನ ನೀರಿನ ಚೀಲವಾದ ರಸದಾನಿ ತುಂಬಿ ಕೋಶಭಿತ್ತಿಯನ್ನು ಒತ್ತಿದಾಗ ಎಲೆ ‘ಸೆಟೆದು’ ನಿಲ್ಲುತ್ತದೆ, ನೀರು ಕಳೆದುಕೊಂಡಾಗ ‘ಬಾಡು’ತ್ತದೆ. ಇವುಗಳ ಜಾಗಕ್ಕೆ ‘ಸ್ಫೀತ’, ‘ಮ್ಲಾನ’ಗಳನ್ನು ತಂದವರ ಮೇಲೆ ನನಗೂ ಸಿಟ್ಟಿದೆ.

---

ಎಲ್ಲರಿಗೂ ವಂದನೆ. ಫಲಕ ಹೀಗೆ ಹೋಗುತ್ತಿದೆ:

“ಬೇರಿನ ಜೀವಕೋಶದ ಪೊರೆ ನೀರನ್ನು ಆಯ್ದು ಒಳಬಿಡುತ್ತದೆ. ಮಣ್ಣಿನ ತೆಳು ದ್ರಾವಣದಿಂದ ಕೋಶದ ಗಾಢ ದ್ರಾವಣದ ಕಡೆಗೆ ನೀರು ಹೀಗೆ ಸಾಗುವುದು ಅಭಿಸರಣೆ. ಎಲೆಗಳಿಂದ ನೀರು ಆವಿಯಾದಂತೆ, ಆ ಸೆಳೆತಕ್ಕೆ ಬೇರಿನ ನೀರು ನಾಳಗಳಲ್ಲಿ ಮೇಲೇರುತ್ತದೆ.”

‘ಬಾಷ್ಪವಿಸರ್ಜನೆ’ಗೆ ಜಾಗ ಸಾಲಲಿಲ್ಲ. ಅರಿಸಮಾಸದ ಮಾತನ್ನು ದಯವಿಟ್ಟು ಬೇರೆ ತಲೆಬರಹದಡಿ ಮುಂದುವರಿಸಿ.