ಪ್ರಶ್ನೋತ್ತರ: ಸಹೋದ್ಯೋಗಿಯ ಮನೆಯ ಭಯ ವಾರ್ಡಿನವರೆಗೂ ಬಂದಾಗ

ನಿರ್ವಾಹಕಿ: ಈ ವಾರದ ವಿಷಯ ಆಸ್ಪತ್ರೆ ಸಿಬ್ಬಂದಿಯ ಮೇಲೆ ನಡೆಯುವ ಕೌಟುಂಬಿಕ ದೌರ್ಜನ್ಯ. ಸಿಬ್ಬಂದಿ ಆರೋಗ್ಯ ವಿಭಾಗದ ವೈದ್ಯೆಯೊಬ್ಬರು ಉತ್ತರಿಸುತ್ತಾರೆ. ಯಾರೂ ಹೆಸರು, ಊರು, ಆಸ್ಪತ್ರೆಯ ಗುರುತು ಬರೆಯಬಾರದಾಗಿ ವಿನಂತಿ.

ವಾರ್ಡ್ ಮೇಲ್ವಿಚಾರಕಿ: ಮೇಡಂ, ನಮಸ್ಕಾರ. ಸಿಬ್ಬಂದಿಯೊಬ್ಬರು ಮನೆಯಲ್ಲಿ ಹೊಡೆತ ತಿನ್ನುತ್ತಿದ್ದಾರೆ ಎಂಬ ಅನುಮಾನ ಬಂದರೆ ಮಾತು ಹೇಗೆ ಆರಂಭಿಸಬೇಕು?

ವೈದ್ಯೆ: ಬಾಗಿಲು ಮುಚ್ಚುವ ಕೋಣೆಯಲ್ಲಿ, ಅವರೊಬ್ಬರೇ ಇರುವಾಗ, ನೀವು ಕಣ್ಣಾರೆ ಕಂಡದ್ದನ್ನಷ್ಟೇ ಹೇಳಿ, ಮನೆಯಲ್ಲಿ ಯಾರಾದರೂ ನೋವು ಕೊಡುತ್ತಿದ್ದಾರೆಯೇ ಎಂದು ನೇರವಾಗಿ ಕೇಳಿ. ಇಲ್ಲವೆಂದರೆ ಒತ್ತಾಯಿಸಬೇಡಿ; ಯಾವಾಗ ಬೇಕಾದರೂ ಬಂದು ಮಾತನಾಡಬಹುದು ಎಂದು ಹೇಳಿ ಬಿಡಿ. ವಿಶ್ವ ಆರೋಗ್ಯ ಸಂಸ್ಥೆಯ 2014ರ ಕೈಪಿಡಿ ರೋಗಿಗಳ ವಿಷಯದಲ್ಲಿ ಐದು ಹೆಜ್ಜೆಗಳನ್ನು ಹೇಳುತ್ತದೆ: ಕಿವಿಗೊಡುವುದು, ಏನು ಬೇಕೆಂದು ವಿಚಾರಿಸುವುದು, ನಂಬುವುದು, ಸುರಕ್ಷತೆ ಹೆಚ್ಚಿಸುವುದು, ನೆರವಿನವರೊಂದಿಗೆ ಸಂಪರ್ಕ ಕಲ್ಪಿಸುವುದು. ನಮ್ಮ ಪಕ್ಕದಲ್ಲಿ ದುಡಿಯುವವರಿಗೂ ಅವೇ ಸಾಕು.

ಲ್ಯಾಬ್ ತಂತ್ರಜ್ಞ: ಎಲ್ಲರಿಗೂ ಉಪಯುಕ್ತ ಸಂದೇಶವೊಂದು ಬಂದಿದೆ. ಅಂಗೈ ತೋರಿಸಿ, ಹೆಬ್ಬೆರಳು ಒಳಗೆ ಮಡಚಿ, ಉಳಿದ ಬೆರಳುಗಳನ್ನು ಅದರ ಮೇಲೆ ಮುಚ್ಚಿದರೆ ಕ್ಯಾಮೆರಾ ಗುರುತಿಸಿ ಪೊಲೀಸರನ್ನು ಕಳುಹಿಸುತ್ತದೆಯಂತೆ. ಕುತ್ತಿಗೆ ನೋವಿಗೆ ಬಿಸಿ ಶಾಖ ಕೊಟ್ಟರೆ ಬೆಳಗಾಗುವುದರೊಳಗೆ ಗುಣವಾಗುತ್ತದೆ ಎಂದೂ ಇದೆ.

ವೈದ್ಯೆ: ಆ ಕೈಸನ್ನೆಯನ್ನು ಕೆನಡಾದ ಮಹಿಳಾ ಪ್ರತಿಷ್ಠಾನವೊಂದು 2020ರ ಏಪ್ರಿಲ್‌ನಲ್ಲಿ ವಿಡಿಯೊ ಕರೆಗಳಿಗಾಗಿ ಪರಿಚಯಿಸಿತು. "ನನ್ನನ್ನು ಸುರಕ್ಷಿತವಾಗಿ ವಿಚಾರಿಸಿಕೊಳ್ಳಿ" ಎಂಬುದಷ್ಟೇ ಅದರ ಅರ್ಥ. ಪೊಲೀಸರು ಬರುತ್ತಾರೆಂಬ ಆ ಸಂದೇಶವನ್ನು ನಂಬಿ ಯಾರಾದರೂ ಕ್ಯಾಮೆರಾದ ಮುಂದೆ ಕಾದು ನಿಂತರೆ ಏನಾಗಬಹುದೆಂದು ಯೋಚಿಸಿ. ಶಾಖದ ವಿಷಯಕ್ಕೆ ಕೆಳಗೆ ಬರುತ್ತೇನೆ.

ರಾತ್ರಿ ಪಾಳಿ ಸಿಸ್ಟರ್: ಡಾಕ್ಟರೇ, ನನ್ನ ಜೊತೆಯ ಸಿಸ್ಟರ್ ಒಬ್ಬರು ಔಷಧದ ಟ್ರಾಲಿಯ ಕೆಳಖಾನೆಯಲ್ಲಿ ಮೊಬೈಲನ್ನು ಬೋರಲು ಇಡುತ್ತಾರೆ, ಹತ್ತು ನಿಮಿಷಕ್ಕೊಮ್ಮೆ ಅದು ತಟ್ಟೆಗೆ ತಾಗಿ ಗಲಗಲ ಅಲುಗುತ್ತದೆ. ಪತಿ ಇದೇ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿದ್ದಾರೆ. ನಿನ್ನೆ ಆ ಸಿಸ್ಟರ್ ದನಿ ಒಡೆದಿತ್ತು, ನೀರು ನುಂಗಲೂ ಕಷ್ಟಪಡುತ್ತಿದ್ದರು. ಕೇಳಿದ್ದಕ್ಕೆ, ಮೊನ್ನೆ ಪತಿ ಕುತ್ತಿಗೆ ಹಿಸುಕಿದರು, ತಾನು ಸ್ವಲ್ಪ ಹೊತ್ತು ಎಲ್ಲಿದ್ದೆನೆಂದೇ ನೆನಪಿಲ್ಲ ಎಂದರು. ಕುತ್ತಿಗೆಯ ಮೇಲೆ ಗುರುತೇನೂ ಇಲ್ಲ. ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡಿದ್ದಾರೆ. ನಾನೇನು ಮಾಡಲಿ?

ವೈದ್ಯೆ: ಸಿಸ್ಟರ್, ಇದನ್ನು ಓದಿ ಕೈಯಲ್ಲಿದ್ದ ಕೆಲಸ ಬಿಟ್ಟು ಬರೆಯುತ್ತಿದ್ದೇನೆ. ಗುರುತಿಲ್ಲವೆಂದು ಸಮಾಧಾನಪಡಬೇಡಿ, ಕುತ್ತಿಗೆ ಹಿಸುಕಿದಾಗ ಚರ್ಮದ ಮೇಲೆ ಏನೂ ಕಾಣದಿರುವುದು ಸಾಮಾನ್ಯ. ದನಿ ಒಡೆದಿರುವುದು, ನುಂಗಲು ಕಷ್ಟವಾಗುವುದು, ನೆನಪು ತಪ್ಪಿರುವುದು, ಈ ಮೂರೂ ಒಳಗಿನ ಪೆಟ್ಟಿನ ಲಕ್ಷಣಗಳು. ಕುತ್ತಿಗೆಯ ರಕ್ತನಾಳದ ಒಳಪದರ ಸೀಳಿದ್ದರೆ ಗಂಟೆಗಳ ಅಥವಾ ದಿನಗಳ ನಂತರವೂ ಪಾರ್ಶ್ವವಾಯು ಆಗಬಹುದು. ಗಂಟಲು ತಡವಾಗಿ ಊದಿಕೊಂಡು ಉಸಿರು ಕಟ್ಟಬಹುದು. ಶಾಖ, ಮುಲಾಮು ಯಾವುದೂ ಬೇಡ. ಇಂದೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಕುತ್ತಿಗೆಯ ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್, ಅಂದರೆ ಸಿಟಿ ಆಂಜಿಯೊಗ್ರಾಂ, ಬೇಕೇ ಎಂದು ಅಲ್ಲಿಯ ವೈದ್ಯರು ನಿರ್ಧರಿಸಲಿ. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸಂಗಾತಿಯಿಂದ ಹಿಂದೊಮ್ಮೆ ಕುತ್ತಿಗೆ ಹಿಸುಕಿಸಿಕೊಂಡ ಮಹಿಳೆ ಅವನಿಂದಲೇ ಕೊಲೆಯಾಗುವ ಅಪಾಯ ಸುಮಾರು ಏಳು ಪಟ್ಟು ಹೆಚ್ಚು. ಈ ಮಾತನ್ನು ಅವರಿಗೆ ಮೆತ್ತಗೆ, ಆದರೆ ಮುಚ್ಚಿಡದೆ ಹೇಳಿ.

ಪತಿಗೆ ಕಂಪ್ಯೂಟರಿನ ಕೀಲಿಕೈ ಇದೆಯೆಂದರೆ ಆಕೆಯ ಕಡತ, ಪಾಳಿಯ ಪಟ್ಟಿ, ಬಾಗಿಲ ಕಾರ್ಡಿನ ದಾಖಲೆ ಎಲ್ಲವೂ ಅವನಿಗೆ ಸಿಗಬಹುದು. ಆದ್ದರಿಂದ ಸಾಧ್ಯವಾದರೆ ಬೇರೆ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಲಿ. ದೂರವೆಂದು ತಡವಾಗುವುದಾದರೆ ನಿಮ್ಮಲ್ಲೇ ತೋರಿಸಲಿ. ಕಡತಕ್ಕೆ ನಿರ್ಬಂಧ ಹಾಕಿ, ಅದನ್ನು ಯಾರು ತೆರೆದರೆಂಬ ದಾಖಲೆಯನ್ನು ಆತನ ವಿಭಾಗದಾಚೆಯ ಹಿರಿಯರೊಬ್ಬರು ನೋಡುತ್ತಿರಲಿ. ಇವೆಲ್ಲವೂ ಆಕೆಯ ಒಪ್ಪಿಗೆಯಿಂದಲೇ ಆಗಬೇಕು. ಕೊಟ್ಟ ಮಾತನ್ನು ಬೆನ್ನ ಹಿಂದೆ ಮುರಿಯಬೇಡಿ. "ನಿಮ್ಮ ಜೀವದ ಬಗ್ಗೆ ನನಗೆ ಭಯವಾಗಿದೆ, ಇನ್ನೊಬ್ಬರಿಗೆ ಹೇಳೋಣವೇ" ಎಂದು ಆಕೆಯನ್ನೇ ಕೇಳಿ. ಪ್ರಾಣಕ್ಕೆ ತಕ್ಷಣದ ಅಪಾಯ ಕಂಡರೆ ಮಾತ್ರ ಕಾಯದೆ ಸಹಾಯ ಕರೆಯಿರಿ, ಕರೆದದ್ದನ್ನು ಆಕೆಗೂ ತಿಳಿಸಿ. ಬಿಟ್ಟು ಹೊರಡುತ್ತೇನೆ ಎಂದರೆ ದಿನ ಯಾರಿಗೂ ತಿಳಿಯದಿರಲಿ, ಏಕೆಂದರೆ ಬೇರೆಯಾಗುವ ಹೊತ್ತೇ ಅತ್ಯಂತ ಅಪಾಯದ ಹೊತ್ತು.

ಮಾನವ ಸಂಪನ್ಮೂಲ ಅಧಿಕಾರಿ: ಗಂಡ ಹೆಂಡಿರ ವಿಷಯದಲ್ಲಿ ಸಂಸ್ಥೆ ತಲೆಹಾಕುವುದು ಸರಿಯಲ್ಲ. ಇಬ್ಬರೂ ನಮ್ಮ ನೌಕರರಾದರೆ ಇಬ್ಬರನ್ನೂ ಕೂರಿಸಿ ಮಾತನಾಡಿಸುವುದು ಉತ್ತಮ.

ವೈದ್ಯೆ: ಕೂರಿಸಬಾರದು. ಆಕೆ ನಿಮ್ಮೆದುರು ಆಡಿದ ಪ್ರತಿಯೊಂದು ಮಾತಿಗೂ ಮನೆಯಲ್ಲಿ ಬೆಲೆ ತೆರುತ್ತಾಳೆ.

ವಾರ್ಡ್ ಮೇಲ್ವಿಚಾರಕಿ: ಅಧಿಕಾರಿಗಳೇ, ಪಾಳಿಯ ಪಟ್ಟಿಯನ್ನು ಗೋಡೆಗೆ ಅಂಟಿಸುವುದು ಸಂಸ್ಥೆ. ಆಕೆ ಎಷ್ಟು ಗಂಟೆಗೆ, ಯಾವ ಬಾಗಿಲಿನಿಂದ ಹೊರಬರುತ್ತಾಳೆಂದು ಅವನಿಗೆ ತಿಳಿಸುವುದೂ ಅದೇ ಪಟ್ಟಿ. ಹಾಗಿರುವಾಗ ಅದು ಮನೆಯ ವಿಷಯ ಹೇಗಾಯಿತು?

ಮಾನವ ಸಂಪನ್ಮೂಲ ಅಧಿಕಾರಿ: ನೀವು ಆಡಳಿತ ನಡೆಸಿದವರಲ್ಲ. ಸುಳ್ಳು ದೂರಾದರೆ ಆ ನೌಕರನಿಗೆ ಯಾರು ಉತ್ತರ ಹೇಳುತ್ತಾರೆ?

ವಾರ್ಡ್ ಮೇಲ್ವಿಚಾರಕಿ: ಹೆಣ ಬಿದ್ದರೆ ಯಾರು ಹೇಳುತ್ತಾರೆ?

ಔಷಧ ವಿತರಕ: ಪುರುಷರಿಗೂ ಹೊಡೆತ ಬೀಳುತ್ತದೆ. ಇಲ್ಲಿ ಎಲ್ಲರೂ ಮಹಿಳೆಯರ ಬಗ್ಗೆಯೇ ಮಾತನಾಡುತ್ತಿದ್ದೀರಿ.

ವೈದ್ಯೆ: ಬೀಳುತ್ತದೆ. ಅವರು ಬಂದರೂ ಇದೇ ರೀತಿ ಕೇಳಿ, ಇದೇ ರೀತಿ ನಂಬಿ.

ಅಧಿಕಾರಿಗಳಿಗೆ ಒಂದು ಘಟನೆ ಹೇಳಬೇಕು. 2005ರ ನವೆಂಬರ್ 12ರ ಶನಿವಾರ ಕೆನಡಾದ ಒಂಟಾರಿಯೊ ಪ್ರಾಂತದ ವಿಂಡ್ಸರ್‌ನಲ್ಲಿ ನರ್ಸ್ ಒಬ್ಬರನ್ನು ಅವರ ಮಾಜಿ ಸಂಗಾತಿಯಾಗಿದ್ದ ಅರಿವಳಿಕೆ ತಜ್ಞ ಕೆಲಸದ ವೇಳೆಯಲ್ಲಿ, ಆಸ್ಪತ್ರೆಯೊಳಗೇ ಕೊಂದ. ಆತನ ಕಾಟ ಆಸ್ಪತ್ರೆಗೆ ಮೊದಲೇ ತಿಳಿದಿತ್ತು, ಆದರೂ ಆ ದಿನ ಇಬ್ಬರೂ ಕರ್ತವ್ಯದಲ್ಲಿದ್ದರು. ಮುಂದೆ 2010ರ ಜೂನ್ 15ರಿಂದ ಒಂಟಾರಿಯೊ ಕಾನೂನು ಹೀಗೆ ಹೇಳುತ್ತದೆ: ಮನೆಯ ಹಿಂಸೆ ಕೆಲಸದ ಸ್ಥಳದಲ್ಲಿ ನೌಕರರ ದೇಹಕ್ಕೆ ಅಪಾಯ ತರಬಹುದೆಂದು ಮಾಲೀಕರಿಗೆ ತಿಳಿದಿದ್ದರೆ, ಅಥವಾ ತಿಳಿದಿರಬೇಕಾಗಿದ್ದರೆ, ಅವರು ಮುನ್ನೆಚ್ಚರಿಕೆ ವಹಿಸಲೇಬೇಕು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2019ರ 190ನೇ ಒಡಂಬಡಿಕೆಯೂ ದುಡಿಮೆಯ ಮೇಲೆ ಕೌಟುಂಬಿಕ ದೌರ್ಜನ್ಯದ ಪರಿಣಾಮವನ್ನು ಗುರುತಿಸಿ ತಗ್ಗಿಸಬೇಕೆನ್ನುತ್ತದೆ. ನ್ಯೂಜಿಲೆಂಡಿನಲ್ಲಿ 2019ರ ಏಪ್ರಿಲ್‌ನಿಂದ ಸಂತ್ರಸ್ತ ನೌಕರರಿಗೆ ವರ್ಷಕ್ಕೆ 10 ದಿನಗಳ ವೇತನಸಹಿತ ರಜೆ ಇದೆ.

ಗುತ್ತಿಗೆ ಸಿಬ್ಬಂದಿ: ಮೇಡಂ, ಗುತ್ತಿಗೆಯವರಿಗೆ ಇಂಥ ರಜೆ ಸಿಗುತ್ತದೆಯೇ? ಗೈರಾದ ದಿನ ಸಂಬಳ ಕತ್ತರಿಸುತ್ತಾರೆ.

ಸ್ವಾಗತ ವಿಭಾಗದವರು: ಪತಿಯೆಂದು ಹೇಳಿ ಯಾರಾದರೂ ಪಾಳಿಯ ಸಮಯ ಕೇಳಿದರೆ?

ವೈದ್ಯೆ: ಯಾರಿಗೂ ಹೇಳಬೇಡಿ. ಆಕೆ ಇದ್ದಾರೆ ಎಂದೂ, ಇಲ್ಲ ಎಂದೂ ಹೇಳಬೇಡಿ. ಕರೆ ಬಂದ ದಿನಾಂಕ, ಸಮಯ ಬರೆದಿಟ್ಟುಕೊಳ್ಳಿ.

ಲ್ಯಾಬ್ ತಂತ್ರಜ್ಞ: ಮಧ್ಯಸ್ಥರು ಕೂತು ರಾಜಿ ಮಾಡಿಸಿದರೆ ಗಂಡ ಬದಲಾಗುತ್ತಾನೆ ಎಂಬ ಇನ್ನೊಂದು ಸಂದೇಶ ಬಂದಿದೆ.

ವೈದ್ಯೆ: ಮೇಲೆ ಉತ್ತರಿಸಿದ್ದೇನೆ. ದಯವಿಟ್ಟು ಇಲ್ಲಿಗೆ ಇನ್ನು ಫಾರ್ವರ್ಡ್ ಹಾಕಬೇಡಿ. ಶಾಖದ ಆ ಸಾಲನ್ನು ನಂಬಿ ಯಾರಾದರೂ ಈ ರಾತ್ರಿ ಮನೆಯಲ್ಲೇ ಮಲಗಿದ್ದರೆ ಎಂಬ ಚಿಂತೆ ನನಗಿದೆ.

ಲ್ಯಾಬ್ ತಂತ್ರಜ್ಞ: ಒಳ್ಳೆಯದಕ್ಕೇ ಹಾಕಿದ್ದೆ. ಹೀಗೆ ಎಲ್ಲರೆದುರು ಗದರುವ ಅಗತ್ಯವಿರಲಿಲ್ಲ.

ವಾರ್ಡ್ ಮೇಲ್ವಿಚಾರಕಿ: ಅಗತ್ಯವಿತ್ತು.

ರಾತ್ರಿ ಪಾಳಿ ಸಿಸ್ಟರ್: ಡಾಕ್ಟರೇ, ಅವರು ಒಪ್ಪಿದರು. ಮೊಬೈಲನ್ನು ಟ್ರಾಲಿಯ ಖಾನೆಯಲ್ಲೇ ಬಿಟ್ಟು, ನನ್ನ ಜೊತೆ ಬೇರೆ ಆಸ್ಪತ್ರೆಗೆ ಬಂದಿದ್ದಾರೆ. ಈಗ ಸ್ಕ್ಯಾನಿಗೆ ಒಳಗೆ ಕರೆದೊಯ್ದರು.

ವೈದ್ಯೆ: ಒಳ್ಳೆಯದು. ಅಲ್ಲಿಯೇ ಇರಿ. ಉಸಿರು, ಮಾತು, ಕೈಕಾಲಿನ ಬಲದಲ್ಲಿ ಸ್ವಲ್ಪ ವ್ಯತ್ಯಾಸ ಕಂಡರೂ ವೈದ್ಯರನ್ನು ಕೂಗಿ. ಇಂದು ಆಕೆ ಮಲಗುವುದೆಲ್ಲಿ ಎಂಬುದನ್ನು ಅಲ್ಲಿನ ಸಮಾಜ ಕಾರ್ಯಕರ್ತರೊಂದಿಗೆ ಕೂತು ಆಕೆಯೇ ನಿರ್ಧರಿಸಲಿ. ಅದನ್ನು ಮಾತ್ರ ಇಲ್ಲಿ ಬರೆಯಬೇಡಿ.

ಗುತ್ತಿಗೆ ಸಿಬ್ಬಂದಿ: ಮೇಡಂ, ನನ್ನ ಪ್ರಶ್ನೆ ಮೇಲೆ ಹಾಗೇ ಉಳಿದಿದೆ.