ಹೊಸ ಕಾಟರ್ ಪಿನ್ ಹಾಕಿದರೂ ಪೆಡಲ್ 'ಟಕ್' ಅನ್ನುತ್ತೆ – ಅಪ್ಪನ ಹಳೇ ಸೈಕಲ್

ಅರಸೀಕೆರೆ ಸವಾರ:
ಎಲ್ಲರಿಗೂ ನಮಸ್ಕಾರ. ಅಪ್ಪನ ರಾಡ್ ಬ್ರೇಕ್ ಸೈಕಲ್ 14 ವರ್ಷ ಕೊಟ್ಟಿಗೆಯಲ್ಲಿ ಬಿದ್ದಿತ್ತು. ದಿನಾ ಡೈರಿಗೆ ಹಾಲು ಹಾಕಿ ಬರುತ್ತಿದ್ದ ಸೈಕಲ್ ಅದು, ಗುಜರಿಗೆ ಕೊಡಲು ಮನಸ್ಸಿಲ್ಲ. 3,000 ರೂಪಾಯಿ ಒಳಗೆ ಓಡುವ ಹಾಗೆ ಮಾಡಬೇಕು. ಟಯರ್, ಟ್ಯೂಬ್, ಚೈನ್ ಹೊಸದು ಹಾಕಿದ್ದಾಯ್ತು. ಈಗ ಎಡಗಡೆ ಪೆಡಲ್ ಒತ್ತಿದಾಗಲೆಲ್ಲ 'ಟಕ್' ಅನ್ನುತ್ತೆ, ಕಾಲಿಗೂ ಗೊತ್ತಾಗುತ್ತೆ. ಪೆಡಲಿನ ತೋಳನ್ನು, ಅಂದರೆ ಕ್ರ್ಯಾಂಕನ್ನು, ನಡುವಿನ ಆಕ್ಸಲ್ಲಿಗೆ ಹಿಡಿದಿಡುವ ಕಾಟರ್ ಪಿನ್ ಹೊಸದು ಹಾಕಿಸಿದೆ. ಎರಡು ದಿನ ಸುಮ್ಮನಿತ್ತು, ಮತ್ತೆ ಶುರು. ನಟ್ ಎಷ್ಟು ಬಿಗಿ ಮಾಡಿದರೂ ಅಷ್ಟೇ. ಅಂಗಡಿಯವರು ಕ್ರ್ಯಾಂಕ್ ಸೆಟ್ ಪೂರ್ತಿ ಬದಲಾಯಿಸಿ, ರಿಮ್ ಕೂಡ 700 ಸಿ ಅಳತೆಯದು ಹಾಕಿಸಿ ಅಂತಾರೆ. ಏನು ಮಾಡಲಿ?

ತಿಪಟೂರು ಸ್ಪೋಕ್:
ಸ್ವಲ್ಪ ತಡೀರಿ ಸರ್, ದುಡ್ಡು ಬಿಚ್ಚಬೇಡಿ. ಎರಡೂ ಕ್ರ್ಯಾಂಕ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಎರಡೂ ಒಟ್ಟಿಗೆ ಅಲ್ಲಾಡಿದರೆ ಒಳಗಿನ ಕಪ್ (ಆಕ್ಸಲ್ಲಿನ ಬೇರಿಂಗ್ ಗುಂಡುಗಳು ಕೂರುವ ಬಟ್ಟಲು) ಸಡಿಲ. ಎಡಗಡೆಯದು ಮಾತ್ರ ಅಲ್ಲಾಡಿದರೆ ಪಿನ್ ಸರಿಯಾಗಿ ಕೂತಿಲ್ಲ.

ನಟ್ ಬಿಗಿ ಮಾಡಿ ಪಿನ್ ಕೂರಿಸೋಕೆ ಹೋಗಬೇಡಿ, ಮರೆ (ತಿರುಪಿನ ಗೆರೆ) ಕಿತ್ತು ಹೋಗುತ್ತೆ. ಕ್ರ್ಯಾಂಕನ್ನು ಹಿಡಿದಿಡೋದು ಪಿನ್ನಿನ ಇಳಿಜಾರು ಮುಖ. ನಟ್ ಅದು ಜಾರದ ಹಾಗೆ ಕಾಯುತ್ತೆ, ಅಷ್ಟೇ.

ಪಿನ್ ಬಿಚ್ಚುವಾಗ ನಟ್ ಪೂರ್ತಿ ತೆಗೀಬೇಡಿ. ಪಿನ್ ತುದಿಗೆ ಸಮವಾಗುವಷ್ಟು ಸಡಿಲಿಸಿ. ಕ್ರ್ಯಾಂಕ್ ಕೆಳಗೆ, ಪಿನ್ನಿನ ತಲೆ ಹೊರಗೆ ಬರಲು ಜಾಗ ಇರುವ ಹಾಗೆ, ದಪ್ಪ ಕಬ್ಬಿಣದ ಪೈಪ್ ನಿಲ್ಲಿಸಿ. ಪೈಪ್ ಕಲ್ಲಿನ ಮೇಲೆ ಕೂರಲಿ. ಆಮೇಲೆ ಸುತ್ತಿಗೆಯಿಂದ ಒಂದೇ ಗಟ್ಟಿ ಏಟು. ಮೆತ್ತಗೆ ಹತ್ತು ಸಲ ಹೊಡೆದರೆ ಪಿನ್ ಬಾಗುತ್ತೆ, ಹೊರಗೆ ಬರಲ್ಲ. ಪೈಪ್ ಇಡದೆ ಹೊಡೆದರೆ ಏಟೆಲ್ಲ ಒಳಗಿನ ಗುಂಡುಗಳಿಗೆ ಬೀಳುತ್ತೆ. ಬಿಚ್ಚಿದ ಮೇಲೆ ಪಿನ್ನಿನ ಆ ಇಳಿಜಾರಾದ ಚಪ್ಪಟೆ ಮುಖದಲ್ಲಿ ಹೊಳಪು ಎಲ್ಲಿದೆ ನೋಡಿ ಹೇಳಿ.

ಅರಸೀಕೆರೆ ಸವಾರ:
ಎಡಗಡೆಯದು ಮಾತ್ರ ಅಲ್ಲಾಡುತ್ತೆ. ಪಿನ್ ಮೂರನೇ ಏಟಿಗೆ ಬಂತು. ಹೊಳಪು ತುದಿಯಲ್ಲಿ ಒಂದು ಗೆರೆಯಷ್ಟೇ ಇದೆ.

ತಿಪಟೂರು ಸ್ಪೋಕ್:
ಅದೇ ಕಾರಣ. ಪಿನ್ನಿನ ಇಳಿಜಾರು ನಿಮ್ಮ ಆಕ್ಸಲ್ಲಿನ ಕಚ್ಚಿಗೆ ಹೊಂದಿಲ್ಲ, ಬರೀ ಅಂಚು ತಾಗ್ತಿದೆ. ಆ ಅಂಚು ನಜ್ಜಾದ ಕೂಡಲೇ ಮತ್ತೆ ಸಡಿಲ.

ಇನ್ನೊಂದು ಹೊಸ ಪಿನ್ ತನ್ನಿ. 9 ಮತ್ತು 9.5 ಮಿ.ಮೀ. ಎರಡೂ ಬರುತ್ತೆ, ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಚಪ್ಪಟೆ ಮುಖಕ್ಕೆ ಸ್ಕೆಚ್ ಪೆನ್ ಮಸಿ ಬಳಿದು ತೂರಿಸಿ, ಮೆಲ್ಲಗೆ ತಟ್ಟಿ ತೆಗೆಯಿರಿ. ಮಸಿ ಅಳಿಸಿದ ಕಡೆ ತಾಗ್ತಿದೆ ಅಂತ ಅರ್ಥ. ಅಲ್ಲಿ ಅರ ಹಾಕಿ ಸ್ವಲ್ಪ ಉಜ್ಜಿ, ಮತ್ತೆ ಮಸಿ ಬಳಿದು ನೋಡಿ. ಪೂರ್ತಿ ಮುಖ ತಾಗುವವರೆಗೆ ಇದೇ ಕೆಲಸ. ಅವಸರ ಮಾಡಿದರೆ ಜಾಸ್ತಿ ಸವೆದು ಆ ಪಿನ್ನೂ ಹೋಗುತ್ತೆ. ಆಕ್ಸಲ್ಲಿನ ಕಚ್ಚೇ ಮೆಟ್ಟಿಲಿನ ಹಾಗೆ ಸವೆದಿದ್ದರೆ ಆಕ್ಸಲ್ ಒಂದನ್ನು ಬದಲಾಯಿಸಿ, ಇಡೀ ಸೆಟ್ ಬೇಡ.

ಎರಡು ಪಿನ್ ಎದುರುಬದುರು ಇರಬೇಕು. ಒಂದರ ನಟ್ ಮೇಲಿದ್ದರೆ ಇನ್ನೊಂದರದು ಕೆಳಗೆ. ಇಲ್ಲದಿದ್ದರೆ ಪೆಡಲುಗಳು ನೇರ ಬರಲ್ಲ.

ಕ್ರ್ಯಾಂಕ್ ಹೇಗೂ ಹೊರಗಿದೆ, ಎಡಗಡೆ ಕಪ್ ಬಿಚ್ಚಿ ಗುಂಡುಗಳನ್ನೂ ನೋಡಿಬಿಡಿ. 14 ವರ್ಷದ ಗ್ರೀಸ್ ಮೇಣದ ಹಾಗಾಗಿರುತ್ತೆ. ಸೀಮೆಎಣ್ಣೆಯಲ್ಲಿ ತೊಳೆದು, ಕಾಲು ಇಂಚಿನ ಹೊಸ ಗುಂಡು ಹಾಕಿ. ಸಾಮಾನ್ಯವಾಗಿ ಒಂದೊಂದು ಕಡೆಗೆ 11. ಬಲಗಡೆ ಕಪ್ ಮುಟ್ಟಬೇಡಿ, ಅದರ ಮರೆ ಉಲ್ಟಾ.

ಕೊಪ್ಪದ ಇಳಿಜಾರು:
ರಿಮ್ ವಿಷಯ ನಾನು ಹೇಳ್ತೀನಿ. ನಿಮ್ಮದು 28 × 1½ ಟಯರ್ ಅಲ್ವಾ? ಅದರ ರಿಮ್ ಅಳತೆ 635 ಮಿ.ಮೀ., 700 ಸಿ ಅಂದರೆ 622. ರಾಡ್ ಬ್ರೇಕಿನ ರಬ್ಬರ್ ರಿಮ್ಮಿನ ಒಳಮೈಗೆ ಒತ್ತುತ್ತೆ. ಅದಕ್ಕೆ ತಕ್ಕ ಆಕಾರ ಹಳೇ ರಿಮ್ಮಿಗೇ ಇರೋದು. ರಿಮ್ ಬದಲಾಯಿಸಿದರೆ ಬ್ರೇಕೂ ಬದಲಾಯಿಸಬೇಕು, ಟಯರ್ ದುಡ್ಡೂ ನೀರಿಗೆ ಹೋದ ಹಾಗೆ. ತುಕ್ಕಿಗೆ ಅಲ್ಯೂಮಿನಿಯಂ ಫಾಯಿಲ್ ಒದ್ದೆ ಮಾಡಿ ಉಜ್ಜಿ, ಕ್ರೋಮ್ ಹೊಳೆಯುತ್ತೆ. ಪೇಂಟ್ ಮಾತ್ರ ಬೇಡಪ್ಪ. ಅಪ್ಪನ ಕೈ ತಾಗಿ ಸವೆದ ಬಣ್ಣ ಹಾಗೇ ಇರಲಿ.

ಅರಸೀಕೆರೆ ಸವಾರ:
ಪಿನ್ ಉಜ್ಜೋಕೆ ಒಂದೂವರೆ ಗಂಟೆ ಹಿಡೀತು. ಗುಂಡುಗಳಲ್ಲಿ ನಾಲ್ಕು ಒಡೆದಿದ್ದವು, ಎಲ್ಲ ಹೊಸದು ಹಾಕಿದೆ. 20 ಕಿ.ಮೀ. ಓಡಿಸಿದೆ, ಒಂದು ಸದ್ದಿಲ್ಲ! ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬಲಗಡೆ ಪಿನ್ನೂ ಬಿಚ್ಚಿ ನೋಡಲಾ?

ತಿಪಟೂರು ಸ್ಪೋಕ್:
ಅಲ್ಲಾಡದಿದ್ದರೆ ಬೇಡ ಸರ್. ಎಡಗಡೆಯದಕ್ಕೆ ಈಗ ತಲೆ ಕಡೆಯಿಂದ ಇನ್ನೊಂದು ಏಟು ಕೊಟ್ಟು, ನಟ್ ಅರ್ಧ ಸುತ್ತು ಬಿಗಿ ಮಾಡಿ. ಹೊಸ ಪಿನ್ ಓಡಿದ ಮೇಲೆ ಸ್ವಲ್ಪ ಒಳಗೆ ಕೂರುತ್ತೆ.